ಹಳೇ ಪೋರ್ಶೆ 911 ನೋಡುತ್ತಿರುವವರ ಗಮನಕ್ಕೆ

ನಮಸ್ಕಾರ. 911 ಎಸ್‌ಸಿ (1978–83) ಅಥವಾ 3.2 ಕರೇರಾ (1984–89) ಕೊಳ್ಳುವ ಯೋಚನೆ ಇದ್ದರೆ ಮುಂಗಡ ಕೊಡುವ ಮೊದಲೇ ತಪಾಸಣೆ ಮಾಡಿಸಿ. ಮಾರುವವರ ಮಾಮೂಲಿ ಮೆಕ್ಯಾನಿಕ್ ಬೇಡ, ಇವುಗಳ ಏರ್‌ಕೂಲ್ಡ್ (ಗಾಳಿಯಿಂದ ತಣಿಯುವ) ಎಂಜಿನ್ ಬಿಚ್ಚಿ ಕಟ್ಟಿ ಗೊತ್ತಿರುವವರೇ ಆಗಬೇಕು.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಶುರುವಿನಲ್ಲಿ ಒಂದಿಷ್ಟು ಹೊಗೆ ಸಹಜ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ವಾಲ್ವ್ ಗೈಡ್ (ವಾಲ್ವ್ ಆಡುವ ಕೊಳವೆ) ಸವೆದಿರಬಹುದು. ಆಯಿಲ್ ಮಟ್ಟ ನೋಡುವುದು ಎಂಜಿನ್ ಬಿಸಿಯಾಗಿ, ಸಮತಟ್ಟು ಜಾಗದಲ್ಲಿ ಓಡುತ್ತಿರುವಾಗ. ಆಫ್ ಮಾಡಿ ನೋಡಿದರೆ ಲೆಕ್ಕ ತಪ್ಪುತ್ತದೆ.

ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆಂದು ನೋಡುವುದು) ಒಂದೇ ಸಾಲದು, ಆರೂ ಸಿಲಿಂಡರ್‌ಗೆ ಲೀಕ್‌ಡೌನ್ ಟೆಸ್ಟ್ (ಗಾಳಿ ತುಂಬಿ ಎಷ್ಟು ಸೋರುತ್ತದೆಂದು ಅಳೆಯುವುದು) ಕೇಳಿ. ಸೋರಿಕೆ 10%ರ ಒಳಗಿದ್ದರೆ ನೆಮ್ಮದಿ. ಜಾಸ್ತಿ ಇದ್ದರೆ ಕಿವಿಗೊಡಿ: ಸೈಲೆನ್ಸರ್‌ನಲ್ಲಿ ಗಾಳಿ ಬುಸ್ ಎಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಾದರೆ ಪಿಸ್ಟನ್ ರಿಂಗ್. ಎಸ್‌ಸಿಯಲ್ಲಿ ಹೆಡ್ ಸ್ಟಡ್ (ಸಿಲಿಂಡರ್ ಹೆಡ್ ಬಿಗಿಹಿಡಿಯುವ ಉದ್ದ ಬೋಲ್ಟ್) ತುಂಡಾಗಿದ್ದರೂ ಈ ಟೆಸ್ಟ್ ಪಾಸಾಗಿಬಿಡಬಹುದು! ಕೆಳಗಿನ ವಾಲ್ವ್ ಕವರ್ ಬಿಚ್ಚಿಸಿಯೇ ನೋಡಿ; ಮುರಿದ ಸ್ಟಡ್ಡಿನ ನಟ್ಟು ಕವರ್‌ನೊಳಗೆ ಬಿದ್ದಿರುವುದುಂಟು.

ಕಾರಿನ ಬಾಡಿಯ ಮೇಲೆ ಸತು ಲೇಪನ ಇದೆಯೆಂದು ಮೈಮರೆಯಬೇಡಿ. ಬ್ಯಾಟರಿ ಕೆಳಗೆ, ಮುಂದಿನ ಗಾಜಿನ ರಬ್ಬರ್ ಅಂಚಿನಲ್ಲಿ ತುಕ್ಕು ಹುಡುಕಿ. 1986ರವರೆಗಿನ 915 ಗೇರ್‌ಬಾಕ್ಸ್ ಆದರೆ ಮೂರರಿಂದ ಎರಡಕ್ಕೆ ಇಳಿಸಿ ನೋಡಿ, ಕರಕರ ಅಂದರೆ ಸಿಂಕ್ರೊ (ಗೇರ್ ನಯವಾಗಿ ಕೂರಿಸುವ ಭಾಗ) ಹೋಗಿದೆ.