ನೌರುವಿನ ಕೂಲಿಗಳ ಬಗ್ಗೆಯೂ ಬರೆ

ಕುಡ್ಚಡೆ, ಗೋವಾ

ಚಿರಂಜೀವಿ ಶೈಲಾಳಿಗೆ ಅವ್ವನ ಆಶೀರ್ವಾದಗಳು.

ಪೆಸಿಫಿಕ್ ಸಾಗರದ ನೌರು ದ್ವೀಪದ ಮೇಲಿನ ನಿನ್ನ ಪ್ರಬಂಧ ತಲುಪಿತು. ಮಧ್ಯಾಹ್ನದ ಗಿರಾಕಿಗಳು ಎದ್ದ ಮೇಲೆ ನಿನ್ನ ಅಪ್ಪನಿಗೂ ಓದಿ ಹೇಳಿದೆ. ಇಡೀ ದೇಶವೇ 21 ಚದರ ಕಿಲೋಮೀಟರ್ ಎಂದಾಗ ಅವರು ನಂಬಲಿಲ್ಲ. ಅಷ್ಟು ನೆಲವನ್ನು ನೂರು ವರ್ಷ ಅಗೆದು, ಫಾಸ್ಫೇಟನ್ನು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಹೊಲಕ್ಕೆ ಗೊಬ್ಬರವಾಗಿ ಸಾಗಿಸಿದ ಮೇಲೆ ನಡುದ್ವೀಪದಲ್ಲಿ ಉಳಿದದ್ದು ಸುಣ್ಣಕಲ್ಲಿನ ಮೊನೆಗಳು ಮಾತ್ರ. ಇದನ್ನೆಲ್ಲ ಚೆನ್ನಾಗಿ ಬರೆದಿದ್ದೀಯ.

ಆದರೆ 1968ರಲ್ಲಿ ಸ್ವಾತಂತ್ರ್ಯ ಬಂದು ಕೈತುಂಬ ದುಡ್ಡು ಓಡಾಡಿದಾಗ ಜನ ಸೋಮಾರಿಗಳಾದರು ಎಂಬ ಸಾಲನ್ನು ಹೊಡೆದುಹಾಕು. ಬೆಳೆಯುವ ನೆಲವೇ ಹೋದವರು ಹಡಗಿನಲ್ಲಿ ಬಂದ ಅಕ್ಕಿ, ಡಬ್ಬಿ ಮಾಂಸ ತಿನ್ನದೆ ಇನ್ನೇನು ತಿನ್ನಬೇಕಿತ್ತು? ಅಲ್ಲಿ ಸಕ್ಕರೆ ಕಾಯಿಲೆ ಮನೆಮನೆಗೂ ಹೊಕ್ಕದ್ದಕ್ಕೆ ಅವರ ಗುಣವನ್ನೇ ದೂರುವುದು ಅನ್ಯಾಯ. ಬೇರೆ ದ್ವೀಪಕ್ಕೆ ಹೋಗಿ ನೆಲೆಸಿರಿ ಎಂದು ಆಸ್ಟ್ರೇಲಿಯಾ ತನ್ನ ಕರ್ಟಿಸ್ ದ್ವೀಪವನ್ನು ತೋರಿಸಿದಾಗ 1964ರಲ್ಲಿ ಒಲ್ಲೆ ಎಂದವರು ಅವರು. ಅಲ್ಲಿಗೆ ಹೋಗಿ ಆಸ್ಟ್ರೇಲಿಯಾದವರಾಗುವುದು ಅವರಿಗೆ ಬೇಕಿರಲಿಲ್ಲ. ಸೋಮಾರಿಗಳು ಹಾಗೆ ಹಟ ಹಿಡಿಯುತ್ತಾರೆಯೇ?

ಇನ್ನೊಂದು ಮಾತು. ಅಗೆದವರು ಯಾರು? ಕಿರಿಬಾಟಿ, ತುವಾಲು ದ್ವೀಪಗಳಿಂದ, ಚೀನಾದಿಂದ ಬಂದ ಕೂಲಿಗಳ ಬಗ್ಗೆ ಒಂದೇ ವಾಕ್ಯ ಬರೆದು ಮುಂದೆ ಹೋಗಿದ್ದೀಯ. ‘ಲೊಕೇಶನ್’ ಎಂಬ ಕಾಲೊನಿಯಲ್ಲಿ ಅವರು ಸಂಸಾರ ಹೂಡಿದ್ದರು, ಮಕ್ಕಳನ್ನು ಹೆತ್ತಿದ್ದರು. ಕೆಲಸ ಮುಗಿದು, ಬಾಕಿ ಸಂಬಳಕ್ಕೆ ಕಾದು, 2006ರಲ್ಲಿ ಅವರಲ್ಲಿ ಬಹುಪಾಲು ಜನ ಹಡಗು ಹತ್ತಿದರು. ನೆಲದ ಮಾಲೀಕರ ಕಷ್ಟಕ್ಕೆ ಅಧ್ಯಾಯ, ಕೂಲಿಗಳಿಗೆ ಒಂದು ಸಾಲು.

ಇಲ್ಲಿ ನೋಡಿದ್ದನ್ನೇ ನೆನೆದು ಹೇಳುತ್ತಿದ್ದೇನೆ. 2012ರ ಸೆಪ್ಟೆಂಬರಿನಲ್ಲಿ ಗೋವಾದ ಗಣಿಗಳು ನಿಂತಾಗ ನೀನಿನ್ನೂ ಚಿಕ್ಕವಳು. ಅದಿರಿನ ಟಿಪ್ಪರುಗಳು ಸಾಲುಗಟ್ಟಿ ನಿಂತವು, ಜೆಟ್ಟಿಯಲ್ಲಿ ಬಾರ್ಜುಗಳಿಗೆ ಕೆಲಸವಿಲ್ಲ. ಕೆಂಪು ಧೂಳು ತಿಂದು ತಿಂದು ಸಾಕಾಗಿದ್ದ ಗದ್ದೆಯವರು ಉಸಿರಾಡಿದರು. ಅವರದೂ ನ್ಯಾಯವೇ, ಅವರ ಬಾವಿಗಳನ್ನು ನಾನು ನೋಡಿದ್ದೇನೆ. ಲಾರಿ ಮಾಲೀಕರ ನೆರವಿಗೆ ಸರ್ಕಾರ ಯೋಜನೆ ತಂದಿತು. ಕೊಪ್ಪಳ, ಬಾಗಲಕೋಟೆಯಿಂದ ಬಂದು ಸ್ಟೇರಿಂಗ್ ಹಿಡಿದಿದ್ದ ನಮ್ಮ ಹುಡುಗರು ಮಾತ್ರ ಯಾರಿಗೂ ಹೇಳದೆ ರೈಲು ಹತ್ತಿದರು. ಅವರ ಉದ್ರಿ ಪುಸ್ತಕ ಇನ್ನೂ ನನ್ನ ಬಳಿ ಇದೆ. ದುಡ್ಡಿಗಾಗಿ ಇಟ್ಟುಕೊಂಡದ್ದಲ್ಲ, ಯಾರು ಯಾವ ಊರಿನವರೆಂದು ಅದರಲ್ಲಿ ಬರೆದಿದೆ. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಗಣಿಗಳು ಮತ್ತೆ ನಿಂತಾಗ ನಾನು ಉದ್ರಿ ಕೊಡುವುದನ್ನೇ ಬಿಟ್ಟೆ.

ಹಾಗಾಗಿ ನೌರುವಿನಿಂದ ಮರಳಿದವರು ತಮ್ಮ ದ್ವೀಪಗಳಲ್ಲಿ ಏನು ಮಾಡಿಕೊಂಡರು, ಅವರ ಮಕ್ಕಳಿಗೆ ಅಲ್ಲಿ ಜಾಗ ಸಿಕ್ಕಿತೇ ಎಂದು ಹುಡುಕು. ನಿಮ್ಮ ಮೇಡಂ ವಿಷಯ ದಾರಿ ತಪ್ಪಿತು ಎಂದರೆ ಕೇಳಬೇಡ.

ಪಂಚಮಿಗೆ ಬರುವಾಗ ತಿದ್ದಿದ ಪ್ರತಿಯನ್ನು ತಾ. ನೌರು ಮೆಲ್ಬರ್ನ್‌ನಲ್ಲಿ ಕಟ್ಟಿಸಿ, 2004ರಲ್ಲಿ ಕಳೆದುಕೊಂಡ 52 ಅಂತಸ್ತಿನ ಕಟ್ಟಡದಲ್ಲಿ ಈಗ ಬಾಡಿಗೆ ಎಷ್ಟಿರಬಹುದು ಎಂದು ನಿನ್ನ ಅಪ್ಪ ಕೇಳುತ್ತಿದ್ದಾರೆ.

ನಿನ್ನ ಅವ್ವ