ಹಳೇ ಕಾರಿಗೆ ಬೋರ್‌ವೆಲ್ ನೀರು ಹಾಕ್ಬೇಡಿ

ಸಂಪಾದಕರಿಗೆ ನಮಸ್ಕಾರ,

ನಮ್ದು 2008ರ ವ್ಯಾಗನ್ಆರ್, 2.6 ಲಕ್ಷ ಕಿ.ಮೀ. ಓಡಿದೆ, ಇನ್ನೂ ವಾರಕ್ಕೆರಡು ಸಲ ಶಿರಾದಿಂದ ಅಂತರಸನಹಳ್ಳಿ ಮಾರ್ಕೆಟ್ಟಿಗೆ ತರಕಾರಿ ಹೊತ್ಕೊಂಡು ಬರ್ತದೆ. ಒಂದೇ ಸಲ ಕೈ ಕೊಟ್ಟಿದ್ದು, ಕ್ಯಾತ್ಸಂದ್ರದ ಹತ್ರ, ಬಾನೆಟ್ಟಿಂದ ಹೊಗೆ. ತಪ್ಪು ನಂದೇ, ಇಂಜಿನ್ ತಣ್ಣಗಿಡೋ ಕೂಲೆಂಟ್ ದುಬಾರಿ ಅಂತ ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕ್ತಿದ್ದೆ, ಮೆಕ್ಯಾನಿಕ್ ಹೋಸ್ ಬಿಚ್ಚಿದ್ರೆ ಒಳಗೆ ಸ್ನಾನದ ಹಂಡೆ ಥರ ಬಿಳೀ ಪೊರೆ! ನಮ್ಮ ಜಿಲ್ಲೆ ನೀರು ಗೊತ್ತಲ್ಲ, ಗಡಸು. ಆಮೇಲಿಂದ ಕೂಲೆಂಟ್, ಆಯಿಲ್ ಎರಡೂ ಟೈಮಿಗೆ ಸರಿಯಾಗಿ.

15 ವರ್ಷ ಆದ್ಮೇಲೆ ಆರ್‌ಸಿ ಐದೈದು ವರ್ಷಕ್ಕೆ ರಿನ್ಯೂ ಮಾಡಿಸ್ಬೇಕು, ಸರಿ, ಮಾಡಿಸಿದೀನಿ. ಆದ್ರೆ ವಯಸ್ಸು ನೋಡಿ ಗುಜರಿ ಅನ್ನೋರು ಒಂದ್ಸಲ ಬಾನೆಟ್ ಎತ್ತಿ ನೋಡ್ಲಿ ಸ್ವಾಮಿ.

– ಓದುಗ, ಶಿರಾ, ತುಮಕೂರು ಜಿಲ್ಲೆ