ಮಗಳಿಗೊಂದು ಪತ್ರ: ದುಡ್ಡು ಕಟ್ಟುವ ಮುಂಚೆ ಒಂದು ವಾರ ತಡಿ

ಫ್ರೀಮಾಂಟ್, ಭಾನುವಾರ ರಾತ್ರಿ

ಪುಟ್ಟೀ,

ಕಾರು ಜೋರಾಗಿ ಓಡಿಸಿದ್ದಕ್ಕೆ ಪೊಲೀಸರು ಕೊಟ್ಟ ಟಿಕೆಟ್ಟಿನ ಫೋಟೋ ಬಂತು. ಕೋರ್ಟಿನ ವೆಬ್‌ಸೈಟಿಗೆ ಹೋಗಿ ಇವತ್ತೇ ದುಡ್ಡು ಕಟ್ಟಿ ಮುಗಿಸಿಬಿಡ್ತೀನಿ ಅಂದೆಯಲ್ಲ, ಬೇಡ, ಒಂದು ವಾರ ತಡಿ. ಕ್ಯಾಲಿಫೋರ್ನಿಯಾದಲ್ಲಿ ಆ ಬಟನ್ ಒತ್ತಿದರೆ ತಪ್ಪೊಪ್ಪಿಕೊಂಡ ಹಾಗೆ. ರಸ್ತೆ ಬದಿಯಲ್ಲಿ ನೀನು ಹಾಕಿದ ಸಹಿ ಒಪ್ಪಿಗೆಯಲ್ಲ, ಕೋರ್ಟಿಗೆ ಉತ್ತರ ಕೊಡುತ್ತೇನೆ ಅನ್ನುವ ಮಾತು ಅಷ್ಟೆ. ಇಲ್ಲಿಯವರೆಗೆ ನೀನೇನೂ ಒಪ್ಪಿಕೊಂಡಿಲ್ಲ. ದುಡ್ಡು ಕಟ್ಟಿದ ಕ್ಷಣ ಒಪ್ಪಿಕೊಂಡಂತಾಗುತ್ತದೆ, ಆಮೇಲೆ ಬಿಡಿಸಿಕೊಳ್ಳುವುದು ಕಷ್ಟ.

ಮೊದಲು ಆ ಫೋಟೋವನ್ನು ದೊಡ್ಡದು ಮಾಡಿ ನೋಡು. ಸೆಕ್ಷನ್ ನಂಬರಿನ ಕೆಳಗೆ ಒಂದು ಸಾಲು ಸಣ್ಣ ಚೌಕಗಳಿವೆ. ‘ಅಪ್ರಾಕ್ಸ್ ಸ್ಪೀಡ್’ ಅಂತ ಇರುವಲ್ಲಿ 57, ಅಂದರೆ ಗಂಟೆಗೆ 57 ಮೈಲು. ಅದರ ಪಕ್ಕ ‘ಪಿ.ಎಫ್./ಮ್ಯಾಕ್ಸ್ ಸ್ಪೀಡ್’, ಅಲ್ಲಿ 40. ಕೊನೆಯಲ್ಲಿ ‘ರೇಡಾರ್’, ಅದಕ್ಕೆ ಗುರುತು ಹಾಕಿದ್ದಾರೆ. ಮೇಲೆ ಬರೆದಿರುವ ಸೆಕ್ಷನ್ ವೆಹಿಕಲ್ ಕೋಡ್ 22350. ಇಡೀ ಕಾಗದದಲ್ಲಿ ನಮಗೆ ಬೇಕಾದದ್ದು ಈ ನಂಬರು. ನಿನ್ನ ಹೆಸರಿನ ಕಾಗುಣಿತ ತಪ್ಪಾಗಿದೆ, ಕಾರಿನ ಬಣ್ಣ ನೀಲಿ ಅಂತ ಬರೆದಿದ್ದಾರೆ, ಅದಕ್ಕೇ ಕೇಸು ಬಿದ್ದುಹೋಗುತ್ತೆ ಅಂತ ನಿನ್ನ ಫ್ರೆಂಡ್ಸ್ ಹೇಳಿದರಲ್ಲ, ಅದು ನಿಲ್ಲುವ ಮಾತಲ್ಲ. ಅಂಥ ತಪ್ಪನ್ನು ಪೊಲೀಸರು ತಿದ್ದುಪಡಿ ಕಳಿಸಿ ಸರಿಮಾಡುತ್ತಾರೆ.

22350 ಅಂದರೆ 40 ದಾಟಿದ್ದೇ ಅಪರಾಧ ಅಂತಲ್ಲ. ಆ ಹೊತ್ತಿನ ರಸ್ತೆ, ಬೆಳಕು, ಮಳೆ, ಓಡಾಟ ನೋಡಿದರೆ ಸುರಕ್ಷಿತವಲ್ಲದ ವೇಗದಲ್ಲಿ ಹೋದೆ ಅನ್ನುವುದು ಆರೋಪ. ‘ಪಿ.ಎಫ್.’ ಅಂದರೆ ಪ್ರೈಮಾ ಫೇಸಿ: ಮೇಲ್ನೋಟಕ್ಕೆ 40 ದಾಟಿದ್ದು ತಪ್ಪು ಅಂತ ಹಿಡಿಯುತ್ತಾರೆ, ಅಲ್ಲವೆಂದು ತೋರಿಸುವ ಅವಕಾಶ ನಿನಗಿದೆ. ಫ್ರೀವೇಯಲ್ಲಿ 22349 ಹಾಕಿದ್ದರೆ ಈ ಪತ್ರವೇ ಬೇರೆ ಇರುತ್ತಿತ್ತು. ಅಲ್ಲಿ 65 ಅನ್ನುವುದು ಗರಿಷ್ಠ ಮಿತಿ, ‘ಸುರಕ್ಷಿತವಾಗೇ ಇತ್ತು’ ಅನ್ನುವ ವಾದಕ್ಕೆ ಜಾಗವಿಲ್ಲ.

ಸುಮ್ಮನೆ ಕಟ್ಟಿದರೆ ಏನಾಗುತ್ತದೆ ನೋಡು. ಮಿತಿಗಿಂತ 17 ಮೈಲು ಜಾಸ್ತಿ, ಅಂದರೆ 16ರಿಂದ 25ರ ಸಾಲು. ಅದರ ಮೂಲ ದಂಡ ಬರೀ 70 ಡಾಲರ್. ಅದರ ಮೇಲೆ ರಾಜ್ಯ, ಕೌಂಟಿ, ಕೋರ್ಟು ಒಂದೊಂದು ಹೆಸರಿನಲ್ಲಿ ಹೇರುವುದೆಲ್ಲ ಸೇರಿ ಸುಮಾರು 367 ಆಗುತ್ತದೆ. ದುಡ್ಡಿಗಿಂತ ನನಗೆ ಚಿಂತೆಯಿರುವುದು ಪಾಯಿಂಟಿನದು. ಲೈಸೆನ್ಸ್ ಕೊಡುವ ಡಿಎಂವಿ ಇಲಾಖೆಯ ದಾಖಲೆಯಲ್ಲಿ ತಪ್ಪಿನ ಗುರುತಾಗಿ ಒಂದು ಪಾಯಿಂಟ್ ಬಿದ್ದರೆ ಮೂರು ವರ್ಷಕ್ಕೂ ಮಿಕ್ಕಿ ಕೂತಿರುತ್ತದೆ. ಟ್ರಾಫಿಕ್ ಸ್ಕೂಲ್ ಅನ್ನುವ ಚಾಲನಾ ಕ್ಲಾಸ್ ಮಾಡಿದರೆ ಅದು ಇನ್ಶೂರೆನ್ಸಿನವರ ಕಣ್ಣಿಗೆ ಬೀಳುವುದಿಲ್ಲ ನಿಜ, ಆದರೆ 18 ತಿಂಗಳಿಗೆ ಒಂದೇ ಸಲ. ಲೆಕ್ಕ ಹಾಕುವುದು ಟಿಕೆಟ್ ಬಿದ್ದ ದಿನದಿಂದ ಟಿಕೆಟ್ ಬಿದ್ದ ದಿನಕ್ಕೆ. ನೀನು ಆ ಕ್ಲಾಸ್ ಮಾಡಿ ಮುಗಿಸಿದ ಹಿಂದಿನ ಟಿಕೆಟ್ ಬಿದ್ದು ಹದಿನಾಲ್ಕೇ ತಿಂಗಳಾಗಿದೆ, ಹಾಗಾಗಿ ಈ ಸಲ ಆ ಬಾಗಿಲು ಮುಚ್ಚಿದೆ.

ಇದು ನಿನ್ನ ಮೊದಲನೇ ಟಿಕೆಟ್ ಆಗಿದ್ದರೆ ‘ದಂಡ ಕಟ್ಟು, ಕೋರ್ಟಿನ ಐವತ್ತು ಡಾಲರ್ ಆಸುಪಾಸಿನ ಶುಲ್ಕ ಕಟ್ಟು, ಆನ್‌ಲೈನ್ ಕ್ಲಾಸ್ ಮುಗಿಸು’ ಅಂತ ಒಂದೇ ಸಾಲು ಬರೆಯುತ್ತಿದ್ದೆ. ಹಾಗೆ ಹೋಗುವವರಿಗೆ ಕೋರ್ಟಿಗೆ ಅಲೆಯುವ ಅಗತ್ಯವೇ ಬರುವುದಿಲ್ಲ. ಈಗ ನಿನ್ನ ಲೆಕ್ಕ ಬೇರೆ. 1988ರಲ್ಲಿ ಮತದಾರರು ತಂದ ಪ್ರೊಪೊಸಿಷನ್ 103 ಅನ್ನುವ ಕಾನೂನಿನ ಪ್ರಕಾರ ಒಳ್ಳೆ ಚಾಲಕರಿಗೆ ಇನ್ಶೂರೆನ್ಸಿನಲ್ಲಿ ಕಡೇಪಕ್ಷ ಶೇಕಡ 20 ಕಡಿತ ಕೊಡಲೇಬೇಕು. ಮೂರು ವರ್ಷದಲ್ಲಿ ಒಂದು ಪಾಯಿಂಟ್ ಇದ್ದರೂ ಆ ಕಡಿತ ಉಳಿಯುತ್ತದೆ, ಎರಡನೆಯದು ಬಿದ್ದರೆ ಹೋಯಿತು. ಒಂದೇ ಇದ್ದರೂ ಪ್ರೀಮಿಯಂ ಏರಬಹುದು. ಇವತ್ತು ಸುಮ್ಮನೆ ಕಟ್ಟಿಬಿಟ್ಟರೆ ಮುಂದಿನ ಮೂರು ವರ್ಷ ನಿನಗೆ ಇನ್ನೊಂದು ತಪ್ಪಿಗೆ ಜಾಗವೇ ಇರುವುದಿಲ್ಲ. ಅದಕ್ಕೇ ಹೇಳುತ್ತಿರುವುದು, ಪ್ರಶ್ನಿಸು ಅಂತ.

ಈಗ ಮುಖ್ಯ ವಿಷಯ. ರೇಡಾರ್ ಆಗಲಿ ಲೇಸರ್ ಬಳಸುವ ಲೈಡಾರ್ ಆಗಲಿ, ಯಾವುದೇ ಎಲೆಕ್ಟ್ರಾನಿಕ್ ಯಂತ್ರದಿಂದ ವೇಗ ಅಳೆದು 22350 ಹಾಕಬೇಕಾದರೆ, ಆ 40ರ ಬೋರ್ಡಿಗೆ ಆಧಾರವಾಗಿ ಎಂಜಿನಿಯರಿಂಗ್ ಅಂಡ್ ಟ್ರಾಫಿಕ್ ಸರ್ವೆ, ಅಂದರೆ ಆ ರಸ್ತೆಯಲ್ಲಿ ಕಾರುಗಳು ಹೋಗುವ ವೇಗ ಅಳೆದು ಬರೆದ ವರದಿ, ಇರಬೇಕು. ಇಲ್ಲದಿದ್ದರೆ ಕಾನೂನು ಅದನ್ನು ‘ಸ್ಪೀಡ್ ಟ್ರ್ಯಾಪ್’ ಅನ್ನುತ್ತದೆ, ಸೆಕ್ಷನ್ 40802. ಹಾಗೆ ಸಿಕ್ಕ ಸಾಕ್ಷ್ಯವನ್ನು ಕೋರ್ಟು ತೆಗೆದುಕೊಳ್ಳುವಂತಿಲ್ಲ. ಸರ್ವೆಯ ಆಯಸ್ಸು ಮಾಮೂಲಾಗಿ 5 ವರ್ಷ. ಪೊಲೀಸರು 24 ಗಂಟೆಯ ರೇಡಾರ್ ತರಬೇತಿ ಪಡೆದಿದ್ದು (ಲೈಡಾರ್‌ಗೆ ಇನ್ನೂ 2 ಗಂಟೆ), ಯಂತ್ರವನ್ನು ಕಳೆದ 3 ವರ್ಷದೊಳಗೆ ಕ್ಯಾಲಿಬ್ರೇಟ್ ಮಾಡಿಸಿದ್ದರೆ (ಅಳತೆ ಸರಿಯಿದೆಯೇ ಅಂತ ಪರೀಕ್ಷೆ ಮಾಡಿಸಿದ್ದರೆ) 7 ವರ್ಷ. ರಸ್ತೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಿಲ್ಲ ಅಂತ ನೋಂದಾಯಿತ ಎಂಜಿನಿಯರ್ ನೋಡಿ ಬರೆದಿದ್ದರೆ ಇನ್ನೂ ಮುಂದಕ್ಕೆ ಹೋಗುತ್ತದೆ. ಶಾಲೆ ವಲಯಕ್ಕೆ, ಬಡಾವಣೆಯ ಸಣ್ಣ ರಸ್ತೆಗಳಿಗೆ ಈ ನಿಯಮ ಇಲ್ಲ. ನೀನು ಸಿಕ್ಕಿಬಿದ್ದ ರಸ್ತೆ ಒಂದೊಂದು ಕಡೆಗೆ ಎರಡೆರಡು ಲೇನಿನದು, ಅದು ಸಣ್ಣ ರಸ್ತೆಯ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾಗಿ ನಾಳೆ ಬೆಳಿಗ್ಗೆ ಮಾಡಬೇಕಾದ ಮೊದಲ ಕೆಲಸ ಆ ಊರಿನ ಸಿಟಿ ಕ್ಲರ್ಕ್‌ಗೆ ಒಂದು ಇಮೇಲ್. ಪಬ್ಲಿಕ್ ರೆಕಾರ್ಡ್ಸ್ ಆಕ್ಟ್ ಕೆಳಗೆ ಕೇಳುತ್ತಿದ್ದೇನೆ ಅಂತ ಬರಿ. ರಸ್ತೆಯ ಹೆಸರು, ಯಾವ ಅಡ್ಡರಸ್ತೆಯಿಂದ ಯಾವ ಅಡ್ಡರಸ್ತೆವರೆಗೆ, ಟಿಕೆಟ್ಟಿನ ತಾರೀಕಿಗೆ ಜಾರಿಯಲ್ಲಿದ್ದ ಸರ್ವೆ, ಇಷ್ಟು ಸಾಕು. ಯಾಕೆ ಬೇಕು ಅಂತ ಹೇಳಬೇಕಾಗಿಲ್ಲ. ಕೊಡುತ್ತಾರೋ ಇಲ್ಲವೋ ಅನ್ನುವುದನ್ನು ಅವರು 10 ದಿನದೊಳಗೆ ತಿಳಿಸಬೇಕು. ಕೈಗೆ ಬಂದಾಗ ಮೂರು ಕಡೆ ಕಣ್ಣು ಹಾಯಿಸು. ಎಂಜಿನಿಯರ್ ಸಹಿಯ ತಾರೀಕು ಒಂದು. ನಿನ್ನನ್ನು ಹಿಡಿದ ಜಾಗ ಆ ತುಂಡಿನೊಳಗೇ ಬರುತ್ತದೆಯೇ ಅನ್ನುವುದು ಇನ್ನೊಂದು. ಮೂರನೆಯದು 85ನೇ ಪರ್ಸೆಂಟೈಲ್, ಅಂದರೆ ನೂರು ಕಾರಿನಲ್ಲಿ ಎಂಬತ್ತೈದು ಯಾವ ವೇಗದೊಳಗೆ ಹೋಗುತ್ತವೆ ಅನ್ನುವ ಅಂಕಿ. ಮಿತಿಯನ್ನು ಆ ಅಂಕಿಗೆ ಹತ್ತಿರದ, ಐದರ ಮಗ್ಗಿಯಲ್ಲಿ ಬರುವ ಸಂಖ್ಯೆಗೆ ಇಡುವುದು ರೂಢಿ. ಅಲ್ಲಿ 46 ಅಂತ ಇದ್ದು ಬೋರ್ಡಿನಲ್ಲಿ 40 ಇದ್ದರೆ, ಯಾಕೆ ಇಳಿಸಿದರು ಅನ್ನುವ ಕಾರಣ ಅದೇ ಕಾಗದದಲ್ಲಿರಬೇಕು. ಕಾರಣ ಇಲ್ಲದಿದ್ದರೆ ಅದೇ ನಿನ್ನ ವಾದ.

ಸರ್ವೆ ಬಂದ ಮೇಲೆ ಕೋರ್ಟಿಗೆ ಹೋಗದೆಯೇ ವಿಚಾರಣೆ ಕೇಳು. ಟ್ರಯಲ್ ಬೈ ರಿಟನ್ ಡಿಕ್ಲರೇಷನ್, ಫಾರಂ ಟಿಆರ್-205. ಗಡುವಿನ ದಿನದೊಳಗೆ ಪೂರ್ತಿ ದುಡ್ಡನ್ನು ಠೇವಣಿಯಾಗಿ ಇಡಬೇಕು. ಎಡವುವುದು ಇಲ್ಲೇ. ‘ಬೇಲ್ ಕಟ್ಟಿ’ (ಇಲ್ಲಿ ಬೇಲ್ ಅಂದರೆ ದಂಡದ ದುಡ್ಡು) ಅಂತ ಕಾಣುವ ಬಟನ್ನಿನಲ್ಲಿ ಕಟ್ಟಿದರೆ ಕೇಸೇ ಮುಗಿದುಹೋಗುತ್ತದೆ. ರಿಟನ್ ಡಿಕ್ಲರೇಷನ್‌ಗೆ ಠೇವಣಿ ಅಂತ ಸ್ಪಷ್ಟವಾಗಿ ಕಾಣುವ ಕಡೆಯೇ ಕಟ್ಟು, ಅಥವಾ ಚೆಕ್ಕನ್ನು ಫಾರಂ ಜೊತೆಗೇ ಇಟ್ಟು ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸು. ಸರ್ವೆ ಬರುವುದು ತಡವಾದರೆ ಗಡುವು ಮುಂದೂಡಲು ಕೋರ್ಟನ್ನು ಮೊದಲೇ ಕೇಳು. ನಿನ್ನ ಹೇಳಿಕೆ ಹೋದ ಮೇಲೆ ಪೊಲೀಸರಿಂದಲೂ ಹೇಳಿಕೆ ತರಿಸುತ್ತಾರೆ. ಅವರು ಬರೆದು ಕಳಿಸದೇ ಹೋಗುವುದೂ ಉಂಟು. ಗೆದ್ದರೆ ಠೇವಣಿ ವಾಪಸ್ ಬರುತ್ತದೆ. ಸೋತರೆ ಅದೇ ದಂಡವಾಗುತ್ತದೆ, ಸುಮ್ಮನೆ ಕಟ್ಟಿದ್ದರೂ ಅಷ್ಟೇ ಹೋಗುತ್ತಿತ್ತು.

ಫಾರಂನಲ್ಲಿ ಏನು ಬರೆಯುತ್ತೀ ಅನ್ನುವುದರ ಬಗ್ಗೆ ನನಗೆ ತುಂಬಾ ಕಾಳಜಿ ಇದೆ. ಕೆಳಗೆ ಹಾಕುವ ಸಹಿ ಪ್ರಮಾಣ ಮಾಡಿ ಹಾಕುವ ಸಹಿ, ಸುಳ್ಳು ಬರೆದರೆ ಅದು ಸ್ಪೀಡಿಂಗ್‌ಗಿಂತ ದೊಡ್ಡ ಅಪರಾಧ. ‘40ರಲ್ಲೇ ಹೋಗುತ್ತಿದ್ದೆ’ ಅಂತ ಬರೆಯಬೇಡ, ಅದು ನಿಜವಲ್ಲ ಅಂತ ನೀನೇ ಫೋನಿನಲ್ಲಿ ಹೇಳಿದ್ದೀ. ‘50ರಲ್ಲಿ ಮಾತ್ರ ಇದ್ದೆ’ ಅಂತಲೂ ಬೇಡ, ಅದು ಒಪ್ಪಿಗೆಯೇ. ಎಲ್ಲರೂ ಹಾಗೇ ಹೋಗುತ್ತಿದ್ದರು, ಆಫೀಸಿಗೆ ತಡವಾಗಿತ್ತು, ಇವೆಲ್ಲ ಕೋರ್ಟು ದಿನಕ್ಕೆ ನೂರು ಸಲ ಕೇಳುವ ಮಾತು. ನಿನ್ನ ವೇಗದ ಮಾತೇ ಎತ್ತದೆ, ಆರೋಪ ಸಾಬೀತು ಮಾಡುವ ಹೊಣೆ ಅವರದು ಅನ್ನುವುದರ ಮೇಲೆ ನಿಲ್ಲು. ಸರ್ವೆ ಇಂಥ ತಾರೀಕಿನದು, ಪ್ರತಿ ಲಗತ್ತಿಸಿದೆ, 40802ರ ಪ್ರಕಾರ ಇದು ಸ್ಪೀಡ್ ಟ್ರ್ಯಾಪ್, 40803ರ ಪ್ರಕಾರ ಈ ಸಾಕ್ಷ್ಯ ಸಲ್ಲದು. ಒಂದು ಪುಟ ಸಾಕು. ಅವರ ಕೈಯಲ್ಲಿದ್ದದ್ದು ಲೈಡಾರ್ ಆಗಿದ್ದರೆ, ಅದು ಬೇರೆ ಕಾರನ್ನು ಅಳೆದಿರಬೇಕು ಅನ್ನುವ ವಾದ ಬಿಟ್ಟುಬಿಡು. ಸಾವಿರ ಅಡಿ ದೂರದಲ್ಲೂ ಅದರ ಕಿರಣ ಸುಮಾರು ಮೂರಡಿಯಷ್ಟೇ ಅಗಲ ಇರುತ್ತದೆ. ರೇಡಾರಿನ ಕಿರಣ ಅಗಲ, ಅಲ್ಲಾದರೆ ಆ ವಾದಕ್ಕೆ ಸ್ವಲ್ಪ ಬೆಲೆ ಉಂಟು.

ಸೋತರೆ, ತೀರ್ಪನ್ನು ಅಂಚೆಗೆ ಹಾಕಿದ ದಿನದಿಂದ 20 ದಿನದೊಳಗೆ ಟಿಆರ್-220 ಕಳಿಸಿ ಮೊದಲಿನಿಂದ ಹೊಸ ವಿಚಾರಣೆ ಕೇಳಬಹುದು, ಆಗ ಖುದ್ದಾಗಿ ಹೋಗಬೇಕು. ಪೊಲೀಸರು ಬರದಿದ್ದರೆ ಕೇಸು ವಜಾ ಮಾಡಿ ಅಂತ ಕೇಳು. ಬಂದರೆ ಸರ್ವೆಯ ದೃಢೀಕೃತ ಪ್ರತಿ, ಕ್ಯಾಲಿಬ್ರೇಷನ್ ಪತ್ರ, ತರಬೇತಿಯ ವಿವರ ತಂದಿದ್ದಾರೆಯೇ ಅಂತ ವಿನಯವಾಗಿ ಕೇಳು. ಸರ್ವೆ ಹೊಸದಾಗಿದ್ದು ಎಲ್ಲ ಕಾಗದವೂ ಸರಿಯಾಗಿದ್ದರೆ ಮಾತ್ರ ಈ ಎರಡನೇ ಸುತ್ತಿಗೆ ಹೋಗಬೇಡ, ರಜೆ ಹಾಕಿ ಅಲೆಯುವಷ್ಟು ಹುರುಳು ಅದರಲ್ಲಿ ಉಳಿದಿರುವುದಿಲ್ಲ.

ಏನೇ ಮಾಡು, ಗಡುವು ಮಾತ್ರ ತಪ್ಪಿಸಬೇಡ. ಸ್ಪೀಡಿಂಗ್ ಬರೀ ಇನ್‌ಫ್ರಾಕ್ಷನ್, ದಂಡಕ್ಕೇ ಮುಗಿಯುವ ಸಣ್ಣ ತಪ್ಪು. ಕೋರ್ಟಿಗೆ ಉತ್ತರ ಕೊಡದೇ ಇದ್ದರೆ ಅದೇ ಮಿಸ್‌ಡಿಮೀನರ್, ಅಂದರೆ ಕ್ರಿಮಿನಲ್ ಅಪರಾಧ ಆಗಿ ಕೂತುಕೊಳ್ಳಬಹುದು, ಮೇಲೆ 100 ಡಾಲರ್‌ವರೆಗೆ ಹೆಚ್ಚುವರಿ. ಬರೋ ವರ್ಷ ನೀನು ಸಿಟಿಜನ್‌ಷಿಪ್ ಅರ್ಜಿ ಹಾಕುವವಳು. ಯಾವತ್ತಾದರೂ ಸೈಟೇಷನ್ ಕೊಟ್ಟಿದ್ದಾರೆಯೇ ಅಂತ ಅದರಲ್ಲಿ ಕೇಳುತ್ತಾರೆ, ಎರಡೂ ಟಿಕೆಟ್ಟನ್ನು ಮುಚ್ಚಿಡದೆ ಬರಿ. ತೀರ್ಪಿನ ಕಾಗದ, ದುಡ್ಡು ಕಟ್ಟಿದ ರಸೀದಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಟ್ಟುಕೋ.

57ರಲ್ಲಿ ಹೋಗಿದ್ದು ನನಗೆ ಇಷ್ಟವಾಗಿಲ್ಲ, ಪುಟ್ಟಿ. ಆ ರಸ್ತೆಯಲ್ಲಿ ಸಾಯಂಕಾಲ ಮಕ್ಕಳು ಸೈಕಲ್ ತುಳಿಯುತ್ತಾರೆ. ಅದನ್ನು ಶನಿವಾರ ಬಂದಾಗ ಎದುರಿಗೆ ಕೂತು ಮಾತಾಡೋಣ.

ಅಷ್ಟರೊಳಗೆ, ವಾರದ ಯಾವ ದಿನ ಟಿಕೆಟ್ ಬಿತ್ತೋ ಆ ದಿನವೇ, ಅದೇ ಹೊತ್ತಿಗೆ ಅಲ್ಲಿಗೆ ಒಮ್ಮೆ ಹೋಗಿ ಫೋಟೋ ತೆಗೆ: 40ರ ಬೋರ್ಡು ಎಲ್ಲಿದೆ, ಮರದ ಕೊಂಬೆ ಅಡ್ಡ ಇದೆಯೇ, ಪೊಲೀಸರು ನಿಂತ ಜಾಗದಿಂದ ರಸ್ತೆ ಎಷ್ಟು ದೂರ ಕಾಣುತ್ತದೆ. ಕಾರನ್ನು ಪಕ್ಕದ ಬೀದಿಯಲ್ಲಿ ನಿಲ್ಲಿಸಿ, ಫುಟ್‌ಪಾತಿನ ಮೇಲೆ ನಡೆದುಕೊಂಡು ಹೋಗಿ ತೆಗೆ.

ನಿನ್ನ
ಅಮ್ಮ